ಎಂಟನೇ ತಲಿ

…ಅಲ್ಲಾ, ಕಾಲಿಗೆ ನೀರರ ಕೊಡ್ತಿಯೋ ಇಲ್ಲೋ? ಹೊರಗಿಂದ ಬಂದ ಗಂಡಗ ಒಂದ ತಂಬಗಿ ನೀರ ಕೊಡೂದೂ ಮರತ ಹೋತೇನ ಸಾತವ್ವ? ಹಾಂ?… ಇರಲಿ ಬಿಡು. ನೀನರ ಎಲ್ಲಿಂದ ಕೊಡ್ತಿ! ಕೊಡಾ ಖಾಲಿ, ಹಂಡೇ ಖಾಲಿ, ಊರ ಮ್ಯಾಲ ತಲಿ ಎತ್ತಿ ನಿಂತೈತಲ್ಲ ಆ ನೀರಿನ ಟಾಕಿ, ಅದೂ ಖಾಲಿ. ನಾ ಹಿಂಗಽ ಧೂಳಗಾಲಲೆ ಕಟ್ಟಿ ಮ್ಯಾಲ ಕುಂಡ್ರತೇನಿ. ನೀನೂ ಕುಂಡ್ರು. ಬಾಗಲದಾಗ ಹಂಗ ಅಡ್ಡ ನಿಂತರ ಮಾತಾಡೂದು ಹೆಂಗ?

ಕುಂಡ್ರಂಗಿಲ್ಲ? ಆತು, ನಿಂದ್ರು.

ಸುದ್ದಿ ಬಂದೈತಲ್ಲ ನಿನಗ? ಬಂದಿರತೈತಿ. ಪಂಚಾಯ್ತಿ ಬಾಗಲಾ ತಗಿಯೂದರಾಗ ನಿಮ್ಮ ಸಂಘದ ಹೆಣ್ಮಕ್ಕಳಿಗೆ ಎಲ್ಲಾ ಮುಟ್ಟಿರತೈತಿ. ಏಳಕ್ಕ ಏಳು! ಕೇಳಿದಿಲ್ಲೋ? ಮತ್ತ ಏಳಕ್ಕ ಏಳು! ಬೀರಪ್ಪನ ಗುಡಿ ಮುಂದ, ಊರ ಮಂದಿ ಎಲ್ಲಾ ನೋಡೂವಾಗ, ಎಂಟ ಮಂದಿ ಮೆಂಬರ ದೇವರ ಅರಿಷಿಣ ಬಂಡಾರ ಮುಟ್ಟಿ ಆಣಿ ಮಾಡಿದ್ವಿ. ನಮ್ಮ ಎಂಟರಾಗಿನ ಶೇವಂತಿಗೇ ಓಟ, ಶೇವಂತೀನಽ ಅಧ್ಯಕ್ಷ ಅಂತ. ನಾವು ಎಂಟ, ಆ ಕಡಿ ಆರ. ಸಾಲಿ ಮಾರಿ ನೋಡದ ನನಗೂ ಬರತೈತಿ ಈ ಲೆಕ್ಕ. ಡಬ್ಬಿ ತಗದ ಎಣಸಿದರ ಏಳಕ್ಕ ಏಳು ಅಂದರ…

ಆ ಚುನಾವಣಿ ಸಾಹೇಬಗೂ ನಂಬಿಕಿ ಆಗಲಿಲ್ಲ ನೋಡು. ಡಬ್ಬಿ ತಲಿಕೆಳಗ ಮಾಡಿ ಬುಡಕ್ಕ ಎರಡ ಏಟ ಹಾಕಿದ, ಒಂದ ಚೀಟಿ ಒಳಗ ಅಂಟಿ ಉಳದೈತೇನೋ ಅಂತ. ಏನೂ ಉದರಲಿಲ್ಲ. ಆಮ್ಯಾಲೇನ? ಸಮ ಬಿದ್ದರ ಇಬ್ಬರ ಹೆಸರ ಬರದು ಚೀಟಿ ಎತ್ತಬೇಕಂತ, ಅದು ಕಾಯ್ದೆ ಅಂತ. ಎತ್ತಿದರು. ಸಂಜಯ! ಅಣ್ಣಾಸಾಹೇಬನ ತಂಗಿ ಮಗ, ಆ ಸಂಜಯ! ಟಾಕಿ ಎಷ್ಟ ಎತ್ತರ ಐತಿ ಅಂತ ತಲಿ ಎತ್ತಿ ನೋಡದಾಂವ ನಮ್ಮೂರ ಅಧ್ಯಕ್ಷ ಆದ. ಹೊರಗ ಗುಲಾಲು, ಪಟಾಕಿ, ಕುಣದದ್ದಽ ಕುಣದದ್ದು.

ಶೇವಂತಿ ಅಳಲಿಲ್ಲ. ಅತ್ತಿದ್ದರ ಛಲೋ ಆಗತಿತ್ತು. ನಮ್ಮ ಏಳೂ ಮಂದಿ ಮಾರಿ ಒಂದೊಂದಾಗಿ ನೋಡಿದಳು, ಸೆರಗ ಹೊದ್ಕೊಂಡ ಎದ್ದ ಹ್ವಾದಳು. ಈಗ ನೀನೂ ಹಂಗಽ ನೋಡಕೋತ ನಿಂತಿ. ಹೆಣ್ಮಕ್ಕಳೆಲ್ಲಾ ಕೂಡಿ ಬಾಯಿ ಕಟ್ಟಿಕೊಂಡೀರೇನ ಇವತ್ತ?

ಸಿಟ್ಟ ಐತಿ, ಗೊತ್ತೈತಿ. ನನಗೂ ಐತಿ! ನಾವೇನ ಕಮ್ಮಿ ಮಾಡಿದ್ವಿ, ಹೇಳು? ಏನ ಕಮ್ಮಿ ಮಾಡಿದ್ವಿ! ಹದಿನೈದ ಮೆಂಬರನ್ನ ಆರಿಸಿ ಕಳಿಸಿತ್ತು ಊರು. ಒಬ್ಬ ಮುದುಕ ಸತ್ತ, ಹದಿನಾಕ ಉಳದ್ವಿ. ಊರಾಗ ಇಬ್ಬರ ಮುಖಂಡರು, ಅಣ್ಣಾಸಾಹೇಬನ ಕಡಿ ಏಳು, ಚನಮಲ್ಲಪ್ಪನ ಕಡಿ ಏಳು. ಎಂಟ ತಲಿ ಕೂಡದ ಸಭಾ ನಡಿಯಂಗಿಲ್ಲ. ಇವರು ಬಂದರ ಅವರು ಬರಂಗಿಲ್ಲ, ಅವರು ಬಂದರ ಇವರು ಹೊಲಕ್ಕ ಹ್ವಾದರು. ಬೀಳಗಿಯಿಂದ ಸಾಹೇಬ ಬರಾಂವ, ತಲಿ ಎಣಸಾಂವ, ಚಾ ಕುಡ್ಯಾಂವ, ಜೀಪ ಹತ್ತಾಂವ. ಅಧ್ಯಕ್ಷ ಇಲ್ಲ ಅಂತ ಠರಾವ ಇಲ್ಲ. ಠರಾವ ಇಲ್ಲ ಅಂತ ಮೋಟಾರ ಇಲ್ಲ. ಟಾಕಿಗೆ ನೀರ ಏರಸೂ ಹೊಳಿ ದಂಡಿ ಮ್ಯಾಲಿನ ಸುಟ್ಟ ಮೋಟಾರ ಬಿಚ್ಚಿ ಮುಧೋಳಕ್ಕ ರಿಪೇರಿಗೆ ಒಯ್ಯಾಕ ಸಹಿ ಮಾಡಾವ್ರ ಇಲ್ಲ. ಒಂದೂವರಿ ವರ್ಷ! ಒಂದ ಮೋಟಾರಕ್ಕ ಒಂದೂವರಿ ವರ್ಷ!

ಡ್ಯಾಮಿಗಂತ ಊರ ಬಿಟ್ಟಕೊಟ್ಟ ಗುಡ್ಡದ ಮ್ಯಾಲ ಬಂದ ಕುಂತವರು ನಾವು. ಇಲ್ಲೆ ಕಟ್ಟಿ ಮ್ಯಾಲ ಕುಂತರ ಹಿನ್ನೀರ ಕಾಣತೈತಿ. ನಮ್ಮ ಹಳೇ ಮನಿ ಮ್ಯಾಲ, ಹೊಲದ ಮ್ಯಾಲ ನಿಂತ ನೀರು, ಕಣ್ಣ ಹಾಯೂತನ ನೀರು. ಆದರ ಕುಡಿಯಾಕ ಬೇಕಂದರ ಕೊಡಾ ತೊಗೊಂಡ ಇಳದ ಹೋಗು! ನಿನಗೇನ ಹೇಳೂದು ಇದನ್ನ, ಹೊತ್ತಾಕಿ ನೀನು. ಹ್ವಾದ ಬ್ಯಾಸಿಗ್ಯಾಗ ಗುಡ್ಡದ ಇಳಿಜಾರಿನ್ಯಾಗ ಜಾರಿ ಬಿದ್ದಿದ್ದಿ ನೋಡು… ನಾ ಓಡಿ ಬಂದ ನೋಡಿದರ ಕೊಡಾ ಉಳ್ಳಕೋತ ಹೋಗಿ ಕೆಳಗ ನಿಂತಿತ್ತು, ನೀ ಸೊಂಟಾ ಹಿಡಕೊಂಡ ಬಿಸಲಾಗ ಮಲಗಿದ್ದಿ. ಆವತ್ತ ನಾ ಅತ್ತೇನಿ. ನೀ ನೋಡಲಿಲ್ಲ, ಮಾರಿ ಆ ಕಡಿ ತಿರುವಿಕೊಂಡ ಅತ್ತೇನಿ. ಖರೆ ಹೇಳಾಕತ್ತೇನಿ ಸಾತವ್ವ, ಅದರಾಗ ಸುಳ್ಳಿಲ್ಲ.

ಅದರಾಗ ಅಂದರ… ಯಾವುದರಾಗೂ ಸುಳ್ಳಿಲ್ಲ. ಮಾತ ಹಿಡಿಬ್ಯಾಡ ನೀ.

ಆಮ್ಯಾಲ ಎದ್ದವರು ನೀವು. ಒಪ್ಪತೇನಿ, ಅದು ನಿಮ್ಮ ಬುದ್ಧಿ. ಮೋರ್ಚಾ ತಗಿಲಿಲ್ಲ, ರಸ್ತೇಕ ಕುಂಡ್ರಲಿಲ್ಲ, ಯಾವ ಸಾಹೇಬನ ಕಾಲಿಗೂ ಬೀಳಲಿಲ್ಲ. ಮೆಂಬರರ ಮನಿಗೆ ಹ್ವಾದ್ರಿ. ದಿನಕ್ಕ ಒಬ್ಬನ ಮನಿ. ಓಣಿ ಹೆಣ್ಮಕ್ಕಳೆಲ್ಲಾ ಹೋಗಿ ಪಡಸಾಲ್ಯಾಗ ಕುಂತು, ‘ಬಾಯಾರಿಕಿ ಆಗೈತ್ರೀ ಯಕ್ಕಾ, ಕುಡಿಯಾಕ ನೀರ ಕೊಡ್ರಿ’ ಅನ್ನೂದು. ಅಷ್ಟಽ. ಬಾಗಲಿಗೆ ಬಂದ ನೀರ ಕೇಳಿದವರಿಗೆ ಇಲ್ಲ ಅನ್ನಾಕ ಬರತೈತೇನ ನಮ್ಮ ಸೀಮ್ಯಾಗ? ಕುಡದ ಕುಡದು ಅವರ ಹಂಡೇ ಬರಿದ ಮಾಡಿ ಎದ್ದ ಬರಾವ್ರು. ಅಣ್ಣಾಸಾಹೇಬನ ಮನ್ಯಾಗ ಸ್ವಂತ ಬೋರ ಐತಲ್ಲ, ಅಲ್ಲಿ ಬರಿದ ಆಗೂವಂಥಾದ್ದಲ್ಲ ಅಂತ ಮೂರ ದಿವಸ ಕುಂತ್ರಿ. ಅವನ ಹೇಣ್ತಿ ಕಡೀಕ ತಾನೂ ನಿಮ್ಮ ಜೋಡಿ ಕುಂತ ಅತ್ತಳಂತ. ಒಬ್ಬೊಬ್ಬ ಮೆಂಬರನ ಮನ್ಯಾಗ ಹೇಣ್ತೇರು ಗಂಡರಿಗೆ ರೊಟ್ಟಿ ಬಡಿಯೂದು ಬಿಟ್ಟರು. ನಕ್ಕಿದ್ದಽ ನಕ್ಕಿದ್ದು ಊರು!

ನಮ್ಮ ಮನಿಗೂ ಕರಕೊಂಡ ಬಂದಿ. ನಿನ್ನ ಸ್ವಂತ ಮನಿಗೆ! ನೀನಽ ಎಲ್ಲಾರಕ್ಕಿಂತ ಮುಂದ ಕುಂತು, ‘ಮೆಂಬರ ಸಾಹೇಬರ, ನೀರ ಕೊಡ್ರಿ’ ಅಂದಿ. ಎಲ್ಲಾರೂ ಹೊಟ್ಟಿ ಹಿಡಕೊಂಡ ನಕ್ಕರು. ನಾನೂ ನಕ್ಕೇನಿ. ನಗಬೇಕಲ್ಲ ಮತ್ತ, ಏನ ಮಾಡೂದು.

ಆಮ್ಯಾಲ ಓಣಿಗೊಂದ ಸಭಾ. ಮುದುಕರು, ಹೆಣ್ಮಕ್ಕಳು, ಸಾಲಿ ಹುಡುಗೇರು, ಯಾರಿಗೆ ಏನ ಅನಸ್ತೈತಿ ಅದನ್ನ ಹೇಳ್ರಿ ಅಂತ. ಅಧ್ಯಕ್ಷ ಯಾರ ಆಗಬೇಕು, ಮೊದಲನೇ ಕೆಲಸ ಏನ ಆಗಬೇಕು, ಊರಽ ಹೇಳಲಿ, ಮೆಂಬರ ಅದನ್ನ ಮಾಡಲಿ ಅಂತ. ಶೇವಂತಿ ಹೆಸರ ಬಂತು. ಲೆಕ್ಕಕ್ಕ ಚನಮಲ್ಲಪ್ಪನ ಕಡಿ ಇದ್ದರೂ ಇಬ್ಬರ ಜೀಪಿನ್ಯಾಗೂ ಎಂದೂ ಹತ್ತದಾಕಿ, ತಾನಽ ಕೊಡಾ ಹೊರಾಕಿ. ಅಣ್ಣಾಸಾಹೇಬನ ಕಡಿಂದ ನಾವು ಮೂರ ಮಂದಿ ಒಡದ ಬಂದ್ವಿ, ನಾ, ನಿಂಗಣ್ಣ, ಗಿರಣಿ ಸಾತಪ್ಪ. ಚನಮಲ್ಲಪ್ಪನ ಕಡಿಂದ ಶೇವಂತಿನ್ನ ಹಿಡದ ಐದ ಮಂದಿ. ಎಂಟ ತಲಿ ಆತು! ಬಂಡಾರ ಮುಟ್ಟಸ್ರಿ ಅಂತ ಹೇಳಿದಾಂವ ಯಾರು? ನೆನಪೈತೇನ? ನಾ! ನಮ್ಮ ಬೀರಪ್ಪನ ಬಂಡಾರ ಮುಟ್ಟಿ ಮಾತ ತಪ್ಪಿದಾಂವ ಈ ಸೀಮ್ಯಾಗ ಬಾಳೇ ಮಾಡಿಲ್ಲ ಅಂದೇನಿ. ಎಲ್ಲಾರಕ್ಕಿಂತ ಮೊದಲ ಕೈ ಇಟ್ಟಾಂವ ನಾ. ತಾಟ ಹಿಡದ ನಿಂತಾಕಿ ನೀನು.

ಅದನ್ನ ಕೇಳಿ ಆ ಇಬ್ಬರೂ ಏನ ಮಾಡಿದರು ನೋಡು! ಒಂದೂವರಿ ವರ್ಷ ಒಬ್ಬರ ಮಾರಿ ಒಬ್ಬರು ನೋಡದವರು, ಊರ ಒಂದ ಆದ ಕೂಡಲೆ ತಾವೂ ಒಂದ ಆದರು. ಇವತ್ತ ಒಂದಽ ಗಾಡ್ಯಾಗ ಬಂದ ಇಳದರು, ಅಣ್ಣಾಸಾಹೇಬ, ಚನಮಲ್ಲಪ್ಪ, ಇಬ್ಬರೂ. ಹೆಗಲ ಮ್ಯಾಲ ಕೈ ಹಾಕ್ಕೊಂಡು! ನಾವು ಹುಚ್ಚರು, ಅವರ ಜಗಳ ನಮ್ಮ ಸಲುವಾಗಿ ನಡದೈತಿ ಅಂತ ತಿಳದ ಕುಂತಿದ್ವಿ. ಜಗಳ ಇರೂತನ ಅವರಿಗೆ ಬೆಲಿ. ಜಗಳ ಹರದರ ಅವರನ್ನ ಕೇಳಾವ್ರು ಯಾರು?

ಹೂಂ, ಅವರದ್ದ ಹೋಗಲಿ. ಅವರು ಆಣಿ ಮಾಡಿರಲಿಲ್ಲ. ನಮ್ಮ ಎಂಟ ಮಂದ್ಯಾಗ ಯಾರು? ಅದನ್ನ ಹೇಳು. ಯಾರ ಅಂತಿ ನೀ?

ನಿಂಗಣ್ಣ? ಛೇ, ಅವ ಗುಡಿ ಮುಂದ ಹಾಯೂವಾಗ ಸೈಕಲ್ ಇಳದ ನೂಕ್ಕೊಂಡ ಹೋಗಾಂವ. ಅವಗ ಅಷ್ಟ ಎದಿ ಇಲ್ಲ. ಶೇವಂತಿನ್ನ ಬಿಟ್ಟರ ಆ ಕಡಿ ನಾಕ ಮಂದಿ ಅಂತೂ ಆಕಿ ಓಣ್ಯಾವ್ರು, ತಪ್ಪಿದರ ಅವರ ಮನಿಗೆ ಅವರನ್ನಽ ಬಿಟ್ಟಕೊಳ್ಳಂಗಿಲ್ಲ. ಉಳದಾಂವ ಯಾರು? ಸಾ-ತ-ಪ್ಪ. ಗಿರಣಿ ಸಾತಪ್ಪ. ನಾ ಹೇಳತೇನಿ ಕೇಳು, ಅವನಽ! ಚೀಟಿ ಎಣಸೂವಾಗ ಹೆಂಗ ಕುಂತಿದ್ದ ಗೊತ್ತೈತೇನ? ತಲಿ ಕೆಳಗ ಹಾಕ್ಕೊಂಡು, ಬೆವರಿಕೋತ, ಟವೆಲ್ಲಲೆ ಮಾರಿ ಒರಸಿಕೋತ…

ಏನ? ಇಲ್ಲ ಅಂತ ತಲಿ ಅಲಗಸ್ತಿ? ನಿನಗೇನ ಗೊತ್ತು? ನೀ ಒಳಗಿದ್ದಿ ಏನ? ಸೆಕಿಗೆ ಬೆವರತಾನ ಅಂತಿ? ನಾ ಅಲ್ಲೇ ಮಗ್ಗಲದಾಗ ಕುಂತಿದ್ದೆನಲ್ಲ, ನನಗ ಸೆಕಿ ಆಗಲಿಲ್ಲಲ್ಲ!

ಮತ್ತ ಒಂದ ಹೇಳತೇನಿ, ರೊಕ್ಕಾ ತಿಂದ ಮಾಡಿದ್ದಲ್ಲ ಇದು. ರೊಕ್ಕದ ಮಾತ ಆಡಬ್ಯಾಡ. ಮಂದಿ ನಾಳಿ ಅದನ್ನಽ ಅಂತಾರ, ಇಷ್ಟ ತಿಂದ, ಅಷ್ಟ ತಿಂದ ಅಂತ. ಸುಳ್ಳ. ಒಂದ ಪೈಸಾ ಮುಟ್ಟಿಲ್ಲ ಅವ. ಎಲ್ಲಾರೂ ರೊಕ್ಕಕ್ಕಽ ಕೆಡತಾರ ಅಂತ ತಿಳಕೊಂಡೀರಿ ನೀವು. ಮನಷಾಗ ಅದಕ್ಕಿಂತ ದೊಡ್ಡ ಹಸಿವ ಇರತಾವ ಸಾತವ್ವ.

ನೋಡು, ಹಿಂಗ ತಿಳಿ. ಒಬ್ಬ ಮನಷಾ ಇರತಾನ. ಹುಟ್ಟಿದಾಗಿಂದ ಅವನ್ನ ಯಾರೂ ‘ರೀ’ ಅಂದಿಲ್ಲ. ಸಣ್ಣ ಹುಡುಗರೂ ‘ಲೇ’ ಅಂದವರಽ. ಮೆಂಬರ ಆದ, ಆದರೂ ಅಷ್ಟಽ. ಮೀಟಿಂಗಿಗೆ ಬಾರಲೇ, ಇಲ್ಲಿ ಹೆಬ್ಬಟ್ಟ ಒತ್ತಲೇ, ಹೋಗಲೇ. ಅಂಥಾದ್ದರಾಗ ಒಂದ ದಿವಸ ಏಳಕ್ಕ ಏಳು ಆಗತೈತಿ. ಇವನ ಒಂದ ತಲಿ ಆ ಕಡಿ ವಾಲಿತಂದರ ಊರಽ ಆ ಕಡಿ! ಮುಂಜಾನಿ ಎದ್ದ ಬಾಗಲಾ ತಗದರ ಮುಂದ ಜೀಪ ನಿಂತಿರತೈತಿ. ‘ಬರ್ರಿ, ನಿಮ್ಮನ್ನ ಬಿಟ್ಟ ಏನೂ ಮಾಡಂಗಿಲ್ಲ, ನೀವ ಹೂಂ ಅಂದರ ಹೂಂ.’ ಕುರ್ಚಿ ಮ್ಯಾಲ ಕುಂಡ್ರಸತಾರ. ಕಪ್ಪು ಬಸಿ ಇಟ್ಟ ಚಾ ಕೊಡತಾರ. ಯಾರು? ಅದಽ ಅಣ್ಣಾಸಾಹೇಬ! ಗೊಬ್ಬರ ಆಗಲಿ ಅಂತ ಅವನ ಹೊಲದಾಗ ಕುರಿ ಕೂಡಸಾಕ ಹ್ವಾದಾಗ, ‘ದೂರ ನಿಂದ್ರಲೇ, ಹಿಕ್ಕಿ ನಾತ ಬರತೈತಿ’ ಅಂದ ಅಣ್ಣಾಸಾಹೇಬ! ಅದಽ ಬಾಯಿಲೆ ಈಗ, ‘ಏನ ತೊಗೋತೀರಿ, ಚಾನೋ, ಮಜ್ಜಗೀನೋ’ ಅಂತ ಕೇಳೂವಾಗ ಎದಿಯಾಗ ಏನ ಆಗತೈತಿ ಅನ್ನೂದು…

ಯಾಕ ನಗ್ತಿ?

ಯಾಕ ನಗ್ತಿ ಸಾತವ್ವ? ನಗೂವಂಥಾದ್ದ ಏನ ಹೇಳಿದೆ ನಾ?

ಹಾಂ… ಕುರಿ. ಸಾತಪ್ಪನ ಹಂತ್ಯಾಕ ಕುರಿ ಇಲ್ಲ. ಗೊತ್ತೈತಿ, ಗೊತ್ತೈತಿ, ಅವಂದು ಗಿರಣಿ. ಅವರಪ್ಪಂದೂ ಗಿರಣಿ. ನಾ ಮಾತಿಗೆ ಹೇಳಿದೆ. ನನ್ನ ಹಿಂದಿಂದ ನೆನಪಾತು, ಅದನ್ನ ತಂದ ಅವಗ ಹಚ್ಚಿ ಹೇಳಿದೆ. ಅವಗೂ ಹಂಗಽ ಏನರ ಆಗಿರತೈತಿ… ಕುರಿ ಅಲ್ಲದಿದ್ದರ ಹಿಟ್ಟು. ‘ದೂರ ನಿಂದ್ರಲೇ, ಹಿಟ್ಟ ಹಾರತೈತಿ’ ಅಂದಿರತಾರ. ಅನ್ನಂಗಿಲ್ಲೇನ? ಅಂತಾರ. ಅವರು ಏನ ಬೇಕಾದ್ದ ಅಂತಾರ.

ನಗೂದ ಬಿಡು. ಆ ನಗಿ ಛಲೋ ಅಲ್ಲ.

ಬಿಟ್ಟಿ? ಬಿಟ್ಟಿ. ಈಗ ಮತ್ತ ಹಂಗ ನೋಡಾಕತ್ತಿ. ಅದಕ್ಕಿಂತ ನಗಿಯಽ ಛಲೋ ಇತ್ತು.

ನಿಂದರು… ನಿನ್ನ ಕೈಗೇನಾಗೈತಿ? ಬೊಟ್ಟೆಲ್ಲಾ ಹಳದಿ. ಅಡಿಗಿ ಅರಿಷಿಣ ಅಲ್ಲ ಅದು. ಮಣಕೈತನ ಅರಿಷಿಣ ಹತ್ತುವಂಥ ಅಡಿಗಿ ನಮ್ಮ ಮನ್ಯಾಗ ಎಂದ ಆಗೈತಿ? ಬಂಡಾರ ಅಲ್ಲೇನ? ಗುಡಿಗೆ ಹೋಗಿದ್ದೇನ? ಡೊಳ್ಳಿನ ಸಪ್ಪಳ ಕೇಳಿತ್ತು ನನಗ, ಹಳ್ಳದ ದಾರಿಲೆ ಬರೂವಾಗ…

ಹೂಂ, ಹಳ್ಳದ ದಾರಿಲೆ ಬಂದೆ. ಬಂದರೇನಾತು? ಹಟ್ಟಿಗೆ ಹೋಗಿ ಕುರಿ ನೋಡಕೊಂಡ ಬರೂಣಂತ ಬಂದೆ. ಒಂದ ಕುರಿ ಕುಂಟಾಕತ್ತೈತಿ. ಗುಡಿ ದಾರ್ಯಾಗ ಬರೇ ಪಟಾಕಿ ಹೊಗಿ, ಗುಲಾಲು, ಕುಣಿಯಾವ್ರು. ಅದನ್ನೆಲ್ಲಾ ನೋಡಾಕ ನನಗ ಮನಸಾಗಲಿಲ್ಲ. ಅದೂ ತಪ್ಪೇನ?

ಗುಡ್ಯಾಗ ಏನಿತ್ತು ಇವತ್ತ? ಅಮಾಸಿ ಅಲ್ಲ, ಏನಲ್ಲ… ಓ. ತಾಟ ಹಿಡಕೊಂಡ ನಿಂತಿದ್ರಿ. ಸುದ್ದಿ ಬಂದ ಮ್ಯಾಲ ಎಂಟೂ ಮಂದಿ ಬಂದ ಮತ್ತೊಮ್ಮೆ ಬಂಡಾರ ಮುಟ್ಟಿ ಮನಿಗೆ ಹೋಗಲಿ ಅಂತ. ಮಾತ ಉಳಿಸೇನಿ ಅಂತ ಹೇಳಿ ಹೋಗಲಿ ಅಂತ. ಯಾರ ತಲಿಯಾಗ ಬಂತು ಇದು? ಕೇಳೂದೇನ, ನಿನ್ನ ತಲಿನಽ ಇರಬೇಕು.

ಬಂದರೇನ? ನಿಂಗಣ್ಣ ಬಂದ?… ಹೂಂ. ಶೇವಂತಿ?… ಆಕಿ ಬರಾಕೀನಽ. ಆ ಕಡಿ ಉಳದ ನಾಕ ಮಂದ್ಯಾಗ… ಎಲ್ಲಾರೂ? ಮತ್ತ ಸಾತಪ್ಪ?

ಸಾತಪ್ಪನೂ?

ಮುಟ್ಟಿದ? ಅಂಜಲಿಲ್ಲೇನ ಅವ? ಏನ, ಎಲ್ಲಾರಕ್ಕಿಂತ ಮೊದಲ ಬಂದ? ಓಡಿಕೋತ? ಹಂಗಾರ… ಹಂಗಾರ ಚೀಟಿ ಎಣಸೂದರಾಗ ಏನೋ ತಪ್ಪಾಗೈತಿ. ಹೌದು, ಸಾಹೇಬಂದ ಏನೋ ಕೈಚಳಕ ಐತಿ. ನಾ ಆವಾಗಽ ಅಂದಕೊಂಡೆ. ಡಬ್ಬಿ ಬಡದ ನೋಡಿದ್ದು ಯಾಕ? ನಾಟಕ ಅದು! ಬೀಳಗಿಗೆ ಹೋಗೂಣು, ನಾಳಿ ಮುಂಜಾನಿ ಮೊದಲ ಬಸ್ಸಿಗೆ ಹೋಗೂಣು, ಎಲ್ಲಾರೂ ಕೂಡಿ ಮತ್ತ ಎಣಸ್ರಿ ಅಂತ…

ನೀ ಮಾತಾಡು. ಮಾತಾಡ ಸಾತವ್ವ! ಬಂದವರೆಲ್ಲಾ ಖರೆ, ಬರದಾಂವ ಒಬ್ಬ ಸುಳ್ಳ, ಅಷ್ಟಽ ಏನ ನಿಮ್ಮ ನ್ಯಾಯ? ಏಳ ತಲಿ ಬಂದಾವ, ಎಂಟನೇದ್ದು ಬಂದಿಲ್ಲ ಅಂತ ನಿಂತಿದ್ದಿ ನೀ, ಅಲ್ಲೇನ? ತಾಟ ಹಿಡಕೊಂಡ ಬಿಸಲಾಗ, ಎಲ್ಲಾರ ಮುಂದ, ‘ಬರತಾರ, ನಮ್ಮವರು ಈಗ ಬರತಾರ’ ಅನಕೋತ? ನಾ ಏನ ಹೇಳಿದ್ದೆನೇನ ನಿನಗ ನಿಂದ್ರು ಅಂತ? ಯಾರ ನಿಂದ್ರಂದರು ನಿನಗ!

…ಎಷ್ಟೊತ್ತ ನಿಂತಿದ್ದಿ?

ಬ್ಯಾಡ. ಹೇಳಬ್ಯಾಡ. ಆ ಸೊಂಟಾ ಇಟ್ಕೊಂಡ…

ನೀ ಹಂಗ ನೋಡಬ್ಯಾಡ ನನ್ನ. ನಿನ್ನಂಗ ಎಲ್ಲಾರೂ ಇರಾಕ ಆಗಂಗಿಲ್ಲ. ನಿನಗೇನು, ನೀ ಸಭಾದಾಗ ಎದ್ದ ನಿಂತರ ಊರ ಗಪ್ಪಾಗತೈತಿ. ನೀ ಮಾತ ಮುಗಿಸಿದರ ಚಪ್ಪಾಳಿ ಬಡಿತಾರ. ನಾ ಹಿಂದ ಕಂಬಕ್ಕ ಬೆನ್ನ ಹಚ್ಚಿ ಕುಂತಿದ್ದೆ. ಒಂದ ಹುಡುಗಿ ಬಂದು, ‘ಮುತ್ಯಾ, ಸ್ವಲ್ಪ ಸರೀರಿ, ಚಾಪಿ ಹಾಸಬೇಕು’ ಅಂದಳು. ಆ ಮಗ್ಗಲದಾಕಿ ಹೇಳತಾಳ, ‘ಅವರು ಸಾತವ್ವನ ಗಂಡ’ ಅಂತ. ಮೆಂಬರ ಅನಲಿಲ್ಲ! ಧರೆಪ್ಪ ಅನಲಿಲ್ಲ! ನಿನ್ನ ಗಂಡ ಅಂತ. ಒಂದೂವರಿ ವರ್ಷ ನನ್ನ ಬಾಗಲಿಗೆ ಜೀಪ ಬರತಿತ್ತು ಸಾತವ್ವ. ಓಣಿ ಸಭಾ ಶುರುವಾದ ಮರುದಿವಸದಿಂದ ಒಂದೂ ಬರಲಿಲ್ಲ. ಮುಂಜಾನಿ ಎದ್ದ ಬಾಗಲಾ ತಗಿತಿದ್ದೆ. ಬರೇ ರಸ್ತೆ. ನಾಚಿಕಿ ಬಿಟ್ಟ ಹೇಳತೇನಿ, ಬಾಗಲದಾಗ ನಿಂತ ಜೀಪಿನ ಸಪ್ಪಳಕ್ಕ ಕಿವಿ ಕೊಡತಿದ್ದೆ.

ನಿನ್ನಿ ಮುಂಜಾನಿ ಅಣ್ಣಾಸಾಹೇಬ ಹಟ್ಟಿಗೆ ಬಂದಿದ್ದ. ಹೂಂ, ಬಂದಿದ್ದ. ಯಾಕ ಹಂಗ ಕಣ್ಣ ಅಗಲ ಮಾಡ್ತಿ, ಯಾರ ಹಟ್ಟಿಗೆ ಯಾರೂ ಬರಬಾರದೇನ? ನೆಲದ ಮ್ಯಾಲ ಕುಂತ. ಬಿಳೇ ಧೋತರದಾಗ, ಹಿಕ್ಕಿ ಮ್ಯಾಲ, ನನ್ನ ಮಗ್ಗಲದಾಗ. ಅದು ಕೊಡತೇನಿ, ಇದು ಕೊಡತೇನಿ ಅಂತ ಒಂದ ಮಾತಿಲ್ಲ. ‘ಧರೆಪ್ಪನವರ, ಎಲ್ಲಾ ಓಣಿ ಮಂದೀನಽ ಕುಂತ ಮಾಡೂದಾದರ, ನಾ ಯಾಕ ಬೇಕು, ನೀವ ಯಾಕ ಬೇಕು?’ ಅಂದ. ಅಷ್ಟಽ ಅಂದ. ಧೋತರ ಝಾಡಿಸಿಕೊಂಡ ಎದ್ದ ಹ್ವಾದ.

ಹೇಳು, ಏನ ತಪ್ಪ ಐತಿ ಆ ಮಾತಿನ್ಯಾಗ? ಶೇವಂತಿ ಆಗತಿದ್ದಳು. ಮೋಟಾರ ಬರತಿತ್ತು, ಟಾಕಿ ತುಂಬತಿತ್ತು, ನೀ ಗುಡ್ಡಾ ಇಳಿಯೂದು ತಪ್ಪತಿತ್ತು. ಎಲ್ಲಾ ಖರೆ. ಎಲ್ಲಾರೂ ನೀರ ಕುಡಿತಿದ್ದರು. ನಾನೂ ಕುಡಿತಿದ್ದೆ. ಆದರ ಬಾಗಲಾ ತಗದರ… ಯಾರಿರತಿದ್ದರು ಅಲ್ಲಿ? ಮತ್ತ ಅದಽ ‘ಲೇ’. ಸಾಯೂತನ ಅದಽ.

ಹಂಗಂತ ನಾ ಹಾಕೇನಿ ಅಂತಲ್ಲ! ನಾ ಎಲ್ಲಿ ಹೇಳಿದೆ ಹಾಕೇನಿ ಅಂತ? ಅನಿಸಿತ್ತು ಅಂದೆ. ಅನಸೂದು ಬ್ಯಾರೆ, ಹಾಕೂದು ಬ್ಯಾರೆ. ಮನಸಿನ್ಯಾಗ ಅನಿಸಿದ್ದಕ್ಕೆಲ್ಲಾ ದೇವರು…

ಏನ ಬಿಚ್ಚಾಕತ್ತಿ? ಸೆರಗಿನ ಗಂಟ್ಯಾಗ ಏನೈತಿ?

ಓ.

ನನ್ನ ಸಲುವಾಗಿ ತಂದಿ.

ತಂದ ಇಟ್ಕೊಂಡ ಇಷ್ಟೊತ್ತ ನಿಂತಿದ್ದೇನ? ಮೊದಲಽ ಹೇಳಬಾರದಿತ್ತೇನ? ಹೇಳಿದ್ದರ ನಾ ಇಷ್ಟೆಲ್ಲಾ… ಅಂಗೈ ಚಾಚಬ್ಯಾಡ ಹಂಗ. ನಾ ಮಾರಿ ತೊಳದಿಲ್ಲ. ಅಂಗಿ ನೋಡು, ಗುಲಾಲ ಬಿದ್ದೈತಿ. ಮೈಲಿಗ್ಯಾಗ ಮುಟ್ಟೂವಂಥಾದ್ದಲ್ಲ ಅದು, ನಿನಗ ಗೊತ್ತಿಲ್ಲದ್ದೇನ? ನಾಳಿ ಮುಟ್ಟತೇನಿ. ನಾಳಿ ಮುಂಜಾನಿ ಜಳಕಾ ಮಾಡಿ, ಗುಡಿಗೇ ಬಂದು, ಎಲ್ಲಾರ ಮುಂದ.

ಈಗಽ ಅಂತಿ?

ಹಂಗ ಚಾಚಿಕೊಂಡಽ ನಿಂದರತಿ ಏನ? ಎಷ್ಟೊತ್ತ ನಿಂದರತಿ? ಬೀಸಿ ಬರೂ ಗಾಳಿಗೆ ಹಾರಿ ಹೋದೀತದು… ಆತು. ಆತು! ತಾ ಇಲ್ಲಿ. ನಾ ಹೆದರತೇನಿ ಅಂತ ತಿಳದಿಯೇನ? ಬಂಡಾರ ಹೊತ್ತ ಮನಿತನದಾಗ ಹುಟ್ಟೇನಿ ನಾ. ಮುಟ್ಟತೇನಿ. ನಿನ್ನ ಕಣ್ಣ ಮುಂದಽ ಮುಟ್ಟತೇನಿ. ‘ಧರೆಪ್ಪ ಮಾತ ಉಳಿಸ್ಯಾನ, ಶೇವಂತಿಗೇ ಹಾಕ್ಯಾನ’ ಅಂತ ಮೂರ ಸಲ ಅಂದ ಮುಟ್ಟತೇನಿ. ಆಮ್ಯಾಲ ಊರ ಬಾಯಿ ಮುಚ್ಚತೈತಿ, ನಿಂದೂ… ನೋಡು, ಎದ್ದೆ. ಬಂದೆ. ಹೂಂ, ಹಿಡಿ ಸರಿಯಾಗಿ—

ಯಾಕ?

ಯಾಕ ಮುಷ್ಟಿ ಮುಚ್ಚಿದಿ?

ತಗಿ. ನೀನಽ ಚಾಚಿದ್ದಿ, ಈಗ ನಾ ಮುಟ್ಟಾಕ ಬಂದರ ಮುಚ್ಚತೀಯಲ್ಲ! ಕೈ ತಗಿ ಸಾತವ್ವ. ಹಿಂದ ಯಾಕ ಸರದಿ? ಎದಿಗೆ ಯಾಕ ಒತ್ತಿ ಹಿಡದಿ ಅದನ್ನ? ನಾ ಏನ ಕಸಗೊಳ್ಳಾಕ ಬಂದೇನೇನ?… ನನ್ನ ಬಾಯಿಲೆ ಆ ಮಾತ ಬರಬಾರದು ಅಂತ. ಅಲ್ಲೇನ? ಮುಟ್ಟಿ ಅಂದ ಬಿಟ್ಟರ ಏನಾದೀತೋ ಅಂತ. ನನಗ ಏನಾದೀತೋ ಅಂತ.

ಬೈಯಿ ಒಂದ ಸಲ. ಬಾಯಿಗೆ ಬಂದಂಗ ಬೈಯಿ. ಓಣಿ ಮಂದಿ ಎಲ್ಲಾ ಕೇಳೂವಂಗ ಬೈಯಿ. ‘ಲೇ’ ಅಂತಽ ಬೈಯಿ… ಅಳಬ್ಯಾಡ. ಅಳಬ್ಯಾಡವಾ. ಆ ಕೈ ಅಷ್ಟ ಬಿಗಿ ಹಿಡಿಬ್ಯಾಡ, ಬೊಟ್ಟೆಲ್ಲಾ ಬೆಳ್ಳಗಾಗ್ಯಾವ ನೋಡು.

ಸಾತವ್ವ… ಮುಷ್ಟಿ ತಗಿ. ನಾ ಮುಟ್ಟಂಗಿಲ್ಲ.